ಒಂದೇ ಸರಳಿಗೆ ಎರಡು ಬ್ರೇಕು

ಅವರ ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ಗಾಳಿ ಒಂದೇ ದಿಕ್ಕಿನಿಂದ ಬೀಸಿದ ಮೇಲೆ ರಾಗಿ ಪೈರು ಮಲಗುತ್ತದಲ್ಲ, ಹಾಗೆ. ಬೆರಳಿನ ಬುಡದ ಗೆಣ್ಣುಗಳು ಉಬ್ಬಿ ಹೊಳೆಯುತ್ತಿದ್ದವು. ಅಲ್ಲಿಯ ಚರ್ಮ ತೆಳುವಾಗಿ ಎಳೆದು ಕಟ್ಟಿದಂತಿತ್ತು. ಆ ಕೈಗಳಿಂದ ಅವರು ಸ್ಟೇರಿಂಗನ್ನು ಹಿಡಿಯುತ್ತಿರಲಿಲ್ಲ. ಅಂಗೈ ಒತ್ತಿ ಉರುಳಿಸುತ್ತಿದ್ದರು, ಹಿಟ್ಟು ನಾದುವವರ ಹಾಗೆ. ಕಾರಿನ ಕೀ ತಿರುಗಿಸಲು ಹೆಬ್ಬೆರಳಿನ ಬಲ ಸಾಲದೆಂದು ಅವರ ಯಜಮಾನರು ಹಳೆಯ ಸ್ಕ್ರೂಡ್ರೈವರಿನ ದಪ್ಪ ಹಿಡಿಯೊಂದಕ್ಕೆ ಕೀಯನ್ನು ಕೂಡಿಸಿಕೊಟ್ಟಿದ್ದರು. ಮುಷ್ಟಿಯಲ್ಲಿ ಹಿಡಿದು ಇಡೀ ಮುಂಗೈಯನ್ನು ತಿರುವಿದರೆ ಗಾಡಿ ಸ್ಟಾರ್ಟ್ ಆಗುತ್ತಿತ್ತು.

ಆ ಹಿಡಿ ಹಳದಿ ಬಣ್ಣದ್ದು ಎಂದು ನನ್ನ ನೆನಪು. ನನ್ನ ಹೆಂಡತಿ ಕೆಂಪು ಎನ್ನುತ್ತಾಳೆ. ಅವಳು ಅದನ್ನು ನೋಡಿದ್ದು ಒಂದೇ ಸಲ, ನಾನು ತಿಂಗಳುಗಟ್ಟಲೆ. ಆದರೂ ಅವಳದೇ ಸರಿಯಿರಬಹುದು. ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಪಾಠ ಮಾಡುವವನು. ನೆನಪು ಕಪಾಟಿನಲ್ಲಿಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಕಟ್ಟಿಕೊಳ್ಳುವ ಸಂಗತಿ ಎಂದು ಪ್ರತಿ ವರ್ಷವೂ ಹುಡುಗರಿಗೆ ಹೇಳುತ್ತೇನೆ. ಹೇಳುತ್ತ ಹೇಳುತ್ತ, ನನ್ನ ಯಾವ ನೆನಪಿನ ಮೇಲೂ ಪೂರ್ತಿ ಭಾರ ಹಾಕಿ ನಿಲ್ಲಲಾರದವನಾಗಿದ್ದೇನೆ.

ಗದಗದ ಕಡೆಯಿಂದ ಬಂದು ಯಲಹಂಕದಲ್ಲಿ ಕೆಲಸಕ್ಕೆ ಸೇರಿದ ನಾನು ನಲವತ್ತು ಸಮೀಪಿಸುವವರೆಗೂ ಬಸ್ಸಿನಲ್ಲೇ ಓಡಾಡಿದೆ. ಕಾಲೇಜು ಊರಾಚೆಯ ಹೊಸ ಕಟ್ಟಡಕ್ಕೆ ಹೋದ ಮೇಲೆ ಕಾರು ಕಲಿಯದೆ ವಿಧಿಯಿರಲಿಲ್ಲ. ನಮ್ಮ ಬಾಡಿಗೆ ಮನೆ ಕೊಡಿಗೇಹಳ್ಳಿಯಲ್ಲಿತ್ತು. ಅಲ್ಲಿಯ ಹಳೆಯ ಬೀದಿಯಲ್ಲಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅವರು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಇದ್ದದ್ದು ಒಂದೇ ಬಿಳಿ ಕಾರು, ಕಲಿಸುವವರೂ ಅವರೊಬ್ಬರೇ. ಎಲ್ಲರಂತೆ ನಾನೂ ಅವರನ್ನು ಮೇಡಂ ಎಂದೆ. ಅವರು ನನ್ನನ್ನು ಮೊದಲ ದಿನದಿಂದಲೂ ಮೇಷ್ಟ್ರೇ ಎಂದರು.

"ಏನ್ ಕೆಲ್ಸ ನಿಮ್ದು?"

"ಲೆಕ್ಚರರ್ ಇದ್ದೇನ್ರಿ."

"ಅಂಗಾದ್ರೆ ಕಷ್ಟ ಕಣ್ರೀ. ಮೇಷ್ಟ್ರುಗಳು ಬ್ರೇಕ್ ಆಕೋಕ್ ಮುಂಚೆ, ಯಾಕ್ ಆಕ್ಬೇಕು ಅಂತ ಯೋಚ್ನೆ ಮಾಡ್ತಾರೆ."

ಆಮೇಲೆ ನನ್ನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ತಾವು ಎಡಗಡೆ ಕೂತು, ಕೆಳಗೆ ನೋಡಲು ಹೇಳಿದರು. ನನ್ನ ಕಾಲಡಿಯ ಬ್ರೇಕಿನಿಂದ ಅವರ ಕಾಲಡಿಯ ಬ್ರೇಕಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಹೋಗಿತ್ತು.

"ನಾನ್ ಒತ್ತಿದ್ರೆ ನಿಮ್ದೂ ಇಳೀತದೆ, ನೀವ್ ಒತ್ತಿದ್ರೆ ನಂದೂ ಇಳೀತದೆ. ಧೈರ್ಯವಾಗಿರಿ. ಒಂದ್ ಮಾತು ಮಾತ್ರ ನೆನಪಿರ್ಲಿ. ಧಡಾರ್ ಅಂತ ಒತ್ತಂಗಿಲ್ಲ. ಒತ್ತಿದ್ರೆ ನನ್ ತಲೆ ನಿಮ್ ಕೈಗೆ ಬರ್ತದೆ."

ಅವರ ಕುತ್ತಿಗೆಗೆ ಮೆತ್ತನೆಯ ಪಟ್ಟಿಯೊಂದು ಸುತ್ತಿತ್ತು. ಕಲಿಯಲು ಬಂದ ಎಲ್ಲರಿಗೂ ಅವರು ಇದೇ ಮಾತು ಹೇಳುತ್ತಿದ್ದರಂತೆ, ಎಲ್ಲರೂ ನಗುತ್ತಿದ್ದರಂತೆ. ನನಗೆ ನಗಲಾಗಲಿಲ್ಲ. ಆ ಪಟ್ಟಿ ಯಾಕೆ ಎಂದು ಕೇಳಿದೆ. ಮರುದಿನವೂ ಕೇಳಿದೆ. ಮೂರನೆಯ ಸಲ ಕೇಳಿದಾಗ ಅವರು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಲು ಹೇಳಿ, ಎಂಜಿನ್ ಆರಿಸಿದರು.

"ಇದು ವಯಸ್ಸಾದೋರ್ಗೆ ಬರೋ ಮಂಡಿನೋವಲ್ಲ ಮೇಷ್ಟ್ರೇ. ಮೈ ಕಾಯೋ ಪೊಲೀಸ್ನೋರೇ ಮನೆಗೆ ನುಗ್ಗವ್ರೆ. ಕೀಲಿನೊಳಗೆ ಒಂದ್ ಪೊರೆ ಇರ್ತದೆ. ಆಕ್ಸೆಲ್ಗೆ ರಬ್ಬರ್ ಬೂಟ್ ಇರ್ತದಲ್ಲ, ಗ್ರೀಸ್ ಕಾಯೋದು, ಅಂಗೆ ಅಂದ್ಕೊಳ್ಳಿ. ನಂದು ಊದ್ಕೊಂಡು, ದಪ್ಪ ಆಗಿ, ಗ್ರೀಸ್ ಕಾಯೋದ್ ಬಿಟ್ಟು ಮೂಳೇನೇ ತಿನ್ನೋಕ್ ಶುರು ಮಾಡ್ತು. ಮೂಳೆ ಮೂಳೆ ಕಟ್ಟಿರೋ ಪಟ್ಟಿಗಳೆಲ್ಲ ಸಡ್ಲ. ನೋಡಿ, ಎಲ್ಲಾ ಕಡೆ ಪ್ಲೇ."

ಪ್ಲೇ ಎಂದರೆ ಗ್ಯಾರೇಜಿನವರ ಮಾತು. ಬಿಗಿಯಾಗಿರಬೇಕಾದ ಭಾಗ ಸವೆದು ಅಲುಗಾಡುವುದಕ್ಕೆ ಹಾಗೆನ್ನುತ್ತಾರೆ. ಅವರು ಎಡಗೈಯಿಂದ ಬಲಗೈಯ ನಡುಬೆರಳನ್ನು ಹಿಡಿದು ಪಕ್ಕಕ್ಕೆ ಸರಿಸಿ ತೋರಿಸಿದರು. ಅದು ಹೋಗಬಾರದಷ್ಟು ದೂರ ಹೋಯಿತು. ಕೈಬಿಟ್ಟ ಮೇಲೆ ಮತ್ತೆ ವಾಲಿಕೊಂಡಿತು.

"ಕುತ್ತಿಗೇಲೂ ಇದೇ ಆಗದೆ. ಅದನ್ನ ಮಾತ್ರ ಇಂಗೆ ಅಲ್ಲಾಡಿಸಿ ತೋರ್ಸೋಕಾಗಲ್ಲ."

ಅವತ್ತು ಮನೆಗೆ ಹೋಗಿ ಆ ಕಾಯಿಲೆಯ ಬಗ್ಗೆ ಓದಿದೆ, ಮೈಯ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ಸಂಧಿವಾತ ಅದು. ಓದದೆ ಇರಲಾರದ ಚಾಳಿ ನನ್ನದು. ಕುತ್ತಿಗೆಯ ಮೊದಲ ಮೂಳೆ ಬಳೆಯ ಆಕಾರದ್ದು. ಎರಡನೆಯ ಮೂಳೆಯಿಂದ ಮೇಲೆದ್ದ ಗೂಟವೊಂದು ಆ ಬಳೆಯೊಳಗೆ ನಿಂತಿರುತ್ತದೆ. ನಾವು ಇಲ್ಲವೆಂದು ತಲೆಯಾಡಿಸುವುದು ಆ ಗೂಟದ ಸುತ್ತ. ಗೂಟದ ಬೆನ್ನಿಗೇ ಬೆನ್ನುಹುರಿ ಹಾದುಹೋಗುತ್ತದೆ. ಎರಡಕ್ಕೂ ನಡುವೆ ಅಡ್ಡಲಾಗಿ ಒಂದು ಪಟ್ಟಿ. ಸಂಯೋಜಕ ಅಂಗಾಂಶದ್ದು, ಹಗ್ಗದಂತೆ ಒತ್ತೊತ್ತಾಗಿ ಸೇರಿದ ಎಳೆಗಳದ್ದು. ಊದಿದ ಪೊರೆ ಆ ಎಳೆಗಳನ್ನು ಮೆಲ್ಲಗೆ ತಿಂದು ಸಡಿಲ ಮಾಡುತ್ತದೆ. ಆಗ ತಲೆ ಮುಂದಕ್ಕೆ ಬಾಗಿದಾಗಲೆಲ್ಲ ಬಳೆ ಜಾರುತ್ತದೆ, ಗೂಟ ಬೆನ್ನುಹುರಿಯನ್ನು ಒತ್ತುತ್ತದೆ. ಜೋರಾಗಿ ಒತ್ತಿದರೆ ಕೈಕಾಲು ಹೋಗಬಹುದು, ಉಸಿರೇ ನಿಲ್ಲಬಹುದು. ಕಾರು ಗಕ್ಕನೆ ನಿಂತಾಗ ಕೂತವರ ತಲೆ ಮುಂದಕ್ಕೇ ಬಾಗುತ್ತದೆ. ಬ್ರೇಕನ್ನು ಎಲ್ಲಿ, ಎಷ್ಟು ಒತ್ತಬೇಕೆಂದು ಇನ್ನೂ ತಿಳಿಯದವರ ಪಕ್ಕದಲ್ಲಿ ಕೂರುವುದು ಅವರ ಕೆಲಸವಾಗಿತ್ತು.

ಇದಕ್ಕೆ ಆಪರೇಷನ್ ಇತ್ತು. ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಆಗಲೇ ಹೇಳಿದ್ದರು: ಮೇಲಿನ ಎರಡು ಮೂಳೆಗಳಿಗೆ ಸ್ಕ್ರೂ ಬಿಗಿದು ಒಂದು ಮಾಡಿದರೆ ಬೆನ್ನುಹುರಿ ಉಳಿಯುತ್ತದೆ, ಆದರೆ ಕುತ್ತಿಗೆ ಮೊದಲಿನಂತೆ ತಿರುಗುವುದಿಲ್ಲ. ಅವರಿಗೆ ಒಪ್ಪಿಗೆಯಾಗದಿದ್ದದ್ದು ಆ ಕೊನೆಯ ಮಾತು.

"ಕುತ್ತಿಗೆ ತಿರುಗ್ಲಿಲ್ಲ ಅಂದ್ರೆ ಎಡಗಡೆ ಸಂದೀಲಿ ನುಗ್ಗೋ ಸ್ಕೂಟ್ರುನ ಯಾರ್ ನೋಡ್ತಾರೆ? ಕನ್ನಡಿನಾ? ಕನ್ನಡಿ ಅರ್ಧ ಸುಳ್ಳು ಯೋಳ್ತದೆ."

ಅವರು ಆ ಊರಿನ ಹಳೆಯ ಒಕ್ಕಲು ಮನೆಯ ಸೊಸೆ. ಮಾವನ ಟ್ರ್ಯಾಕ್ಟರಿನಲ್ಲಿ ಗಾಡಿ ಕಲಿತವರು. ಹೊಲ ಲೇಔಟ್ ಆಯಿತು, ಟ್ರ್ಯಾಕ್ಟರ್ ಹೋಯಿತು, ಕಟ್ಟಿಸಿದ ಮನೆಗಳಿಂದ ಬಾಡಿಗೆ ಬರತೊಡಗಿತು. ಸುಮ್ಮನೆ ಕೂತುಕೊಳ್ಳಬಾರದೇ ಎಂದು ನಾದಿನಿಯರು ಕೇಳಿದರೆ, "ಕೂತ್ಕೊಂಡೇ ಮಾಡೋ ಕೆಲ್ಸ ಅಲ್ವೇನೇ ಇದು" ಎನ್ನುತ್ತಿದ್ದರು. ಮೊದಲು ಕಲಿಯಲು ಬಂದವರು ಅಂಥ ಮನೆಗಳ ಸೊಸೆಯಂದಿರೇ. ಬಾಗಿಲಲ್ಲಿ ಕಾರಿದ್ದರೂ ತವರಿಗೆ ಹೋಗಲು ಗಂಡನ ಬಿಡುವಿಗೆ ಕಾಯುವವರು. "ಪಕ್ಕದಲ್ ಕೂತಿರೋ ಗಂಡ ಬಾಯ್ ಮುಚ್ಕೊಂಡು ಕಿಟ್ಕಿ ಕಡೆ ನೋಡೋಕ್ ಶುರು ಮಾಡಿದ್ ದಿನ ನೀನ್ ಕಲ್ತೆ ಅಂತ ತಿಳ್ಕೋ" ಎಂದು ಅವರಿಗೆ ಹೇಳುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ.

ಅವರು ಕಲಿಸುವ ರೀತಿ ಬೇರೆಯಾಗಿತ್ತು. ರಸ್ತೆಯನ್ನು ನೋಡಬೇಡಿ, ರಸ್ತೆಯ ಬದಿಯಲ್ಲಿರುವವರ ಪಾದ ನೋಡಿ ಎನ್ನುತ್ತಿದ್ದರು. ಮುಖ ಎತ್ತಲಾದರೂ ಇರಲಿ, ಮೈ ಹೊರಡುವ ಮೊದಲು ಪಾದ ಆ ಕಡೆ ತಿರುಗಿರುತ್ತದೆ. ನಿಂತ ಬಸ್ಸಿನ ಅಡಿಯಿಂದ ಕಾಣುವ ಚಪ್ಪಲಿಗಳನ್ನು ನೋಡಿ, "ನೀಲಿ ಚಪ್ಪಲಿ ಬರ್ತದೆ ನೋಡಿ ಈಗ" ಎನ್ನುವರು. ನೀಲಿ ಚಪ್ಪಲಿ ಬರುತ್ತಿತ್ತು. ಬ್ರೇಕನ್ನು ಒತ್ತುವುದಲ್ಲ, ಅದರ ಮೇಲೆ ಪಾದವನ್ನು ಮಲಗಿಸುವುದು ಎನ್ನುವರು. "ನಿಮ್ ಊರಲ್ಲಿ ಎಲ್ರಿಗೂ ರೀ ಅಂತೀರಲ್ಲ, ಬ್ರೇಕ್ಗೂ ರೀ ಅನ್ನಿ. ಮರ್ಯಾದೆ ಕೊಟ್ಟು ಮಾತಾಡ್ಸಿ."

ತಪ್ಪು ನಂಬಿಕೆಗಳೂ ಬೇಕಾದಷ್ಟಿದ್ದವು. ಬದನೆಕಾಯಿ ನಂಜು, ಅದರಿಂದಲೇ ಗೆಣ್ಣು ಊದುವುದು ಎಂದು ಹಟ ಹಿಡಿಯುತ್ತಿದ್ದರು.

"ಅದಕ್ಕೇನೂ ಆಧಾರ ಇಲ್ರಿ ಮೇಡಂ."

"ನೀವ್ ಎಣ್ಣೆಗಾಯಿ ಊರೋರು, ಬದ್ನೇಕಾಯ್ ಮೇಲೆ ಕೇಸ್ ಆದ್ರೆ ನೀವೇ ಲಾಯರು."

ನನ್ನ ಮಾತಿನ ಚಾಳಿಯೊಂದನ್ನು ಅವರು ಬೇಗನೆ ಹಿಡಿದುಬಿಟ್ಟರು. ಇಂಡಿಕೇಟರ್ ಹಾಕಿದ್ದೀರಾ ಎಂದರೆ ನಾನು "ಹಾಕಿರಬಹುದ್ರಿ" ಎನ್ನುತ್ತಿದ್ದೆ. ಹಿಂದೆ ಬಸ್ ಬರುತ್ತಿದೆಯಾ ಎಂದರೆ "ಬರ್ತಿರಬಹುದ್ರಿ." ಅವರು ಹಣೆ ಚಚ್ಚಿಕೊಳ್ಳುವಂತೆ ಮಾಡುತ್ತಿದ್ದರು, ಮುಂಗೈಯಿಂದ. "ನಿಮ್ ಹೆಂಡ್ತಿ, ನಾನ್ ನಿಮ್ ಹೆಂಡ್ತೀನಾ ಅಂತ ಕೇಳುದ್ರೆ ಏನಂತೀರಾ ಮೇಷ್ಟ್ರೇ?"

ನಗುತ್ತಿದ್ದೆವು, ನಿಜ. ಆದರೆ ಆ ತಿಂಗಳುಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ನನ್ನ ಬಲಗಾಲಿನ ಮೀನಖಂಡದ ನೋವು. ಪಾಠ ಮುಗಿಯುವ ಹೊತ್ತಿಗೆ ಅದು ಕಲ್ಲಾಗಿರುತ್ತಿತ್ತು. ಬಣ್ಣ ಬಳಿಯದ ಹಂಪು ಬಂದರೆ, ನಾಯಿ ಅಡ್ಡ ಬಂದರೆ, ಮುಂದಿನ ಆಟೋ ಹೇಳದೆ ಕೇಳದೆ ನಿಂತರೆ, ಪಕ್ಕದಲ್ಲಿ ಒಂದು ತಲೆಯಿದೆ, ಅದನ್ನು ಹಿಡಿದಿರುವುದು ಸವೆದ ಪಟ್ಟಿ ಎಂಬುದೊಂದೇ ಯೋಚನೆ. ಬೇರೆ ಸ್ಕೂಲಿಗೆ ಹೋಗಿಬಿಡೋಣ ಎಂದು ಎಷ್ಟೋ ಸಲ ಅನಿಸಿತು. ಹೋದರೆ ನನ್ನ ಜಾಗಕ್ಕೆ ಏನೂ ತಿಳಿಯದ ಇನ್ನೊಬ್ಬರು ಬಂದು ಕೂರುತ್ತಾರೆ, ಅವರ ಕಾಲು ನನ್ನದಕ್ಕಿಂತ ಒರಟಾಗಿದ್ದರೆ ಎಂದುಕೊಂಡು ಉಳಿದೆ.

ಯಜಮಾನರಿಗೂ ಅದೇ ಭಯ. ಮಾತು ಕಡಿಮೆಯ ಮನುಷ್ಯ. ನಾವು ಹೊರಟಾಗ ಗೇಟಿನ ಬಳಿ ನಿಂತಿರುತ್ತಿದ್ದರು, ವಾಪಸು ಬಂದಾಗಲೂ ಅಲ್ಲೇ ಇರುತ್ತಿದ್ದರು. ಒಮ್ಮೆ ಮೇಡಂ ಒಳಗೆ ಹೋದ ಮೇಲೆ ಕಾರಿನ ಕಿಟಕಿಗೆ ಬಗ್ಗಿದರು.

"ನೀವಾದ್ರೂ ಒಸಿ ಯೋಳಿ ಸಾರ್. ಡಾಕ್ಟ್ರು ಆಪರೇಸನ್ ಮಾಡಿಸ್ಲೇಬೇಕು ಅಂದವ್ರೆ. ನನ್ ಮಾತು ಕೇಳಕ್ಕಿಲ್ಲ. ಓದಿದೋರ್ ಮಾತು ಅಂದ್ರೆ ಅವ್ಳಿಗೆ ಮರ್ವಾದೆ."

ಹೇಳಿದೆ. ಓದಿದ್ದನ್ನೆಲ್ಲ ಜೋಡಿಸಿಕೊಂಡು, ಆಪರೇಷನ್ ಮಾಡಿಸದಿದ್ದರೆ ಏನಾಗುವ ಸಾಧ್ಯತೆಯಿದೆ, ಮಾಡಿಸಿದರೆ ಏನಾಗುವ ಸಾಧ್ಯತೆಯಿದೆ ಎಂದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿದರು.

"ಸಾಧ್ಯತೆ ಅಂದ್ರೆ? ನಂಗೆ ಆಗ್ತದಾ, ಆಗಲ್ವಾ?"

"ಎರಡೂ ಇರಬಹುದ್ರಿ."

"ಅಂಗಾದ್ರೆ ಗಾಡಿ ತೆಗೀರಿ."

ಸ್ವಲ್ಪ ದೂರ ಹೋದ ಮೇಲೆ ತಾವಾಗಿಯೇ ಹೇಳಿದರು. "ನಂಗೂ ಭಯ ಇಲ್ಲ ಅಂತಲ್ಲ. ಮಂದೀನ ಸಾಯ್ಸೋಕೆ ನಾನೇನ್ ಇಲ್ ಕೂತಿಲ್ಲ. ನನ್ ಕಾಲು ಒಂದ್ ಸಲ ಬ್ರೇಕ್ ತಪ್ಪುದ್ರೆ ಸಾಕು, ಅವತ್ತೇ ಓಗಿ ಆಸ್ಪತ್ರೇಲಿ ಮಲಗ್ತೀನಿ. ಅಲ್ಲೀಗಂಟ ಬಿಟ್ಬಿಡಿ."

ಅದು ಅವರು ತಮಗೆ ತಾವೇ ಹಾಕಿಕೊಂಡ ಕಾನೂನು. ಕೈ ಹೋದರೂ ಪರವಾಗಿಲ್ಲ, ಕಾಲು ಇರುವವರೆಗೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವರು ಕೋಣೆಯಿಂದ ಇಳಿದು ಕಾರಿನವರೆಗೆ ನಡೆದು ಬಂದರು. ಎಡಗಾಲಿನಲ್ಲಿ ಚಪ್ಪಲಿಯಿತ್ತು, ಬಲಗಾಲಿನದು ಮೆಟ್ಟಿಲ ಮೇಲೆಯೇ ಬಿದ್ದಿತ್ತು. ಬೀದಿಯಲ್ಲಿ ಜಲ್ಲಿ ಸುರಿದಿದ್ದರು. ಬರಿಗಾಲಿನಲ್ಲಿ ಅದನ್ನು ತುಳಿದುಕೊಂಡೇ ಬಂದರು, ಮುಖದಲ್ಲಿ ಏನೂ ಇರಲಿಲ್ಲ. "ಮೇಡಂ, ಚಪ್ಪಲಿ" ಎಂದೆ. ಅವರು ಕಾಲು ನೋಡಿಕೊಂಡರು. ನೋಡಿದ ಮೇಲೆಯೇ ಅವರಿಗೆ ತಿಳಿದದ್ದು ಎಂದು ನನಗನಿಸಿತು. "ಬೇಕಂತ್ಲೇ ಬಿಟ್ಟೆ ಕಣ್ರೀ, ಕಾಲು ಬೆವರ್ತದೆ" ಎಂದರು. ಕಾಲಿನ ಅರಿವು ಕಡಿಮೆಯಾಗುವುದು ಬೆನ್ನುಹುರಿ ಒತ್ತಿಹೋಗುತ್ತಿರುವ ಗುರುತು ಎಂದು ಓದಿದ್ದೆ. ಅವರು ನಿಜವಾಗಿಯೂ ಬೇಕೆಂದೇ ಬಿಟ್ಟಿದ್ದರೂ ಇರಬಹುದು. ಬಿಟ್ಟಿರಬಹುದು, ಬಿಟ್ಟಿರಲಿಕ್ಕಿಲ್ಲ. ಹೀಗೆ ತೂಗುತ್ತ ಒಂದು ವಾರ ಕಳೆದೆ.

ಆಮೇಲಿನದು ಏರ್‌ಪೋರ್ಟ್ ರಸ್ತೆಯ ಪಕ್ಕದ ಸರ್ವೀಸ್ ರೋಡಿನಲ್ಲಿ ನಡೆದದ್ದು. ಕಾಲೇಜು, ಆಫೀಸುಗಳಿಗೆ ಜನ ಹೊರಡುವ ಹೊತ್ತು. ಎಡಗಡೆ ಒಂದು ಬಸ್ಸು ನಿಂತಿತ್ತು. ನಾನು ಎರಡನೇ ಗೇರಿನಲ್ಲಿ ಅದನ್ನು ದಾಟುತ್ತಿದ್ದೆ. ಬಸ್ಸಿನ ಮೂತಿಯ ಮರೆಯಿಂದ, ಬರಬಾರದ ದಿಕ್ಕಿನಲ್ಲಿ, ನೀರಿನ ಕ್ಯಾನುಗಳನ್ನು ಎರಡೂ ಕಡೆ ಕಟ್ಟಿಕೊಂಡ ಮೊಪೆಡ್ ಒಂದು ನೇರ ನಮ್ಮೆದುರಿಗೆ ಬಂತು.

ಬ್ರೇಕ್ ಇಳಿಯಿತು. ಕಾರು ನಿಂತಿತು. ಗಕ್ಕನೆ ಅಲ್ಲ, ಮೆಲ್ಲಗೂ ಅಲ್ಲ. ಬಾನೆಟ್ಟಿಗೂ ಕ್ಯಾನಿಗೂ ನಡುವೆ ಒಂದು ಕೈ ತೂರುವಷ್ಟು ಜಾಗವಿತ್ತು. ಪಕ್ಕಕ್ಕೆ ತಿರುಗಿದೆ. ಅವರು ಎರಡೂ ಮುಂಗೈಗಳನ್ನು ಗದ್ದಕ್ಕೆ ಆನಿಸಿ, ತಲೆಯನ್ನು ಹಿಂದಕ್ಕೆ ಒತ್ತಿಹಿಡಿದು, ಕಣ್ಣು ಮುಚ್ಚಿಕೊಂಡಿದ್ದರು.

"ಎಲ್ ಬೋರ್ಡ್ ಹಾಕ್ಕೊಂಡು ರೋಡಿಗ್ ಬರ್ತೀಯಲ್ಲ ಗುರು! ಗ್ರೌಂಡಲ್ಲಿ ಆಡ್ಕೋ ಹೋಗು!" ಮೊಪೆಡ್ಡಿನವನು ಕೂಗಿದ. ಆಮೇಲೆ ಬಗ್ಗಿ ನೋಡಿ, "ಏನ್ ಆಂಟಿ, ಪಕ್ಕದಲ್ ಕೂತು ನಿದ್ದೆ ಮಾಡ್ತಿದ್ದೀರಾ?" ಎಂದ.

ಬೇರೆ ದಿನವಾಗಿದ್ದರೆ ಅವನಿಗೆ ಅಲ್ಲೇ ಪಾಠವಾಗುತ್ತಿತ್ತು. ಅವರು ಕಣ್ಣು ಬಿಟ್ಟರು, ಅವನ ಕಡೆ ನೋಡಲಿಲ್ಲ. ಒಂದೊಂದಾಗಿ ಕೈಬೆರಳು ಆಡಿಸಿದರು, ಬಂದಷ್ಟು. "ಇದೀನಿ. ಮುಂದೆ ಸೈಡಿಗ್ ಆಕಿ" ಎಂದರು.

ಅಪಾರ್ಟ್‌ಮೆಂಟಿನ ಕಾಂಪೌಂಡ್ ಗೋಡೆಯ ಬದಿಗೆ ನಿಲ್ಲಿಸಿದೆ.

"ಬ್ರೇಕ್ ಯಾರ್ ಆಕಿದ್ದು?" ಎಂದರು.

"ಇಬ್ಬರೂ ಒತ್ತಿರಬಹುದ್ರಿ."

"ಇರಬಹುದು ಬ್ಯಾಡ. ನಾನ್ ಒತ್ತಿದೆ ಅಂತ ನಂಗನ್ಸ್ತು. ಪೆಡ್ಲು ಇಳೀತು, ಅದ್ರ ಜೊತೆ ನನ್ ಕಾಲೂ ಇಳೀತು. ಆದ್ರೆ ಕಾಲು ಪೆಡ್ಲುನ ಇಳಿಸ್ತೋ, ಪೆಡ್ಲು ಕಾಲ್ನ ಇಳಿಸ್ತೋ, ಗೊತ್ತಾಗ್ಲಿಲ್ಲ."

ಒಂದೇ ಸರಳಿಗೆ ಕಟ್ಟಿದ ಎರಡು ಬ್ರೇಕುಗಳು. ಯಾರು ಒತ್ತಿದರೂ ಎರಡೂ ಇಳಿಯುತ್ತವೆ. ನನ್ನ ಪಾದದ ಕೆಳಗೂ ಅದು ಇಳಿದಿತ್ತು. ನಾನು ಒತ್ತಿದ್ದೆನೋ, ಇಳಿಯುತ್ತಿದ್ದ ಪೆಡಲಿನ ಜೊತೆ ನನ್ನ ಪಾದ ಹೋಯಿತೋ?

ಪರೀಕ್ಷೆ ಮಾಡಿ ನೋಡೋಣ ಎಂದೆ. ಅದೊಂದೇ ನನಗೆ ತಿಳಿದಿದ್ದ ದಾರಿ. ನಾನು ಪಾದವನ್ನು ಸುಮ್ಮನೆ ಪೆಡಲಿನ ಮೇಲಿಟ್ಟುಕೊಂಡೆ, ಅವರು ತಮ್ಮ ಕಡೆಯಿಂದ ಒತ್ತಿದರು. ಇಳಿಯಿತು. ಮತ್ತೆ ಒತ್ತಿದರು. ಮತ್ತೆ ಇಳಿಯಿತು.

"ಇಳೀತಲ್ಲ?"

"ಇಳೀತ್ರಿ."

"ನಿಂತಿರೋ ಗಾಡೀಲಿ ಎಲ್ರೂ ಚೆನ್ನಾಗೇ ಒತ್ತತಾರೆ. ನಾನ್ ಕೇಳ್ತಿರೋದು ಅವಾಗಿಂದು." ಅವರು ಪೂರ್ತಿ ಮೈಯನ್ನು ನನ್ನ ಕಡೆ ತಿರುಗಿಸಿದರು. "ನಿಮ್ ಕಾಲಿಗೆ ಏನ್ ಗೊತ್ತಾಯ್ತು, ಅದನ್ನ ಯೋಳಿ. ನೀವ್ ಯೋಳಿದಂಗೆ ಮಾಡ್ತೀನಿ."

ಹುಡುಕಿದೆ. ಬಸ್ಸಿನ ಮೂತಿ ನೆನಪಿತ್ತು, ಕ್ಯಾನಿನ ನೀಲಿ ನೆನಪಿತ್ತು, ಅವನ ಹ್ಯಾಂಡಲಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲವೂ ನೆನಪಿತ್ತು. ಪಾದದ ಅಡಿಯಲ್ಲಿ ಮಾತ್ರ ಏನೂ ಇರಲಿಲ್ಲ. ಇನ್ನೊಮ್ಮೆ ಕೇಳಿದರೆ, ಇನ್ನೊಮ್ಮೆ ಹುಡುಕಿದರೆ, ಕೇಳಿದವರಿಗೆ ಬೇಕಾದ ನೆನಪು ತಾನಾಗಿ ಹುಟ್ಟಿಕೊಳ್ಳುತ್ತದೆ ಎಂಬುದು ನನ್ನದೇ ಪಾಠ. ಗೊತ್ತಿಲ್ಲ ಎಂಬುದಷ್ಟೇ ಸರಿಯಾದ ಉತ್ತರ. ಆ ಉತ್ತರ ಕೊಟ್ಟರೆ ಅವರು ಗಾಡಿ ತೆಗೀರಿ ಎನ್ನುತ್ತಾರೆ ಎಂಬುದೂ ಗೊತ್ತಿತ್ತು.

ತಲೆ ತಗ್ಗಿಸಿದೆ. ಅವರ ಬಲಗಾಲು ಪೆಡಲಿನ ಪಕ್ಕದಲ್ಲಿತ್ತು. ಚಪ್ಪಲಿ ಅಡ್ಡಡ್ಡ ತಿರುಗಿ, ಬೆರಳುಗಳು ಪಟ್ಟಿಯಿಂದ ಹೊರಬಂದು, ಕಬ್ಬಿಣದ ಸರಳಿಗೆ ಒತ್ತಿಕೊಂಡಿದ್ದವು. ನೋವಾಗುವಷ್ಟು. ಅವರು ಅದನ್ನು ಸರಿಸಿಕೊಳ್ಳಲಿಲ್ಲ.

"ನಾನ ಒತ್ತಿದ್ದು ಮೇಡಂ" ಎಂದೆ. "ನಿಮ್ಮ ಕಾಲು ಬರಲಿಲ್ಲ."

"ಖಾತ್ರಿನಾ?"

"ಖಾತ್ರಿ ರೀ."

ಅವರು ನನ್ನ ಮುಖವನ್ನೇ ನೋಡಿದರು. ಹೊರಗೆ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಆಮೇಲೆ ಅವರು ಎರಡೂ ಕಾಲುಗಳನ್ನು, ಒಂದನ್ನು ಕೈಯಿಂದ ಹಿಡಿದು, ಪೆಡಲುಗಳಿಂದ ದೂರ ಎಳೆದು ಸೀಟಿನ ಕಡೆಗೆ ಇಟ್ಟುಕೊಂಡರು.

"ಸರಿ. ಮನೆಗ್ ಬಿಡಿ. ನಿಧಾನಕ್ಕೆ ಓಗಿ. ಈಗ ಇರೋದ್ ಒಂದೇ ಬ್ರೇಕು."

ಆ ದಾರಿಯಷ್ಟು ಉದ್ದದ ದಾರಿಯಲ್ಲಿ ನಾನು ಇವತ್ತಿಗೂ ಗಾಡಿ ಓಡಿಸಿಲ್ಲ. ಅವರು ಒಂದೇ ಒಂದು ಸೂಚನೆ ಕೊಡಲಿಲ್ಲ. ಹಂಪು ಬಂದಾಗ ಕೈಗಳು ತಾವಾಗಿ ಗದ್ದದ ಕಡೆ ಏಳುತ್ತಿದ್ದವು. ದಾಟಿದ ಮೇಲೆ ಮಡಿಲಿಗೆ ಇಳಿಯುತ್ತಿದ್ದವು. ಗೇಟಿನ ಬಳಿ ಯಜಮಾನರು ನಿಂತಿದ್ದರು. ಮೇಡಂ ಇಳಿಯುವ ಮೊದಲು ಅವರಿಗೆ ಹೇಳಿದ್ದಿಷ್ಟೇ: "ಡಾಕ್ಟ್ರಿಗೆ ಫೋನ್ ಮಾಡಿ. ಬರ್ತೀನಿ ಅನ್ನಿ."

ಆಪರೇಷನ್ ಆಯಿತು. ಇನ್ನು ತಡ ಮಾಡಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಹಾಗೆ ಅವರು ಎಲ್ಲರಿಗೂ ಹೇಳಬಹುದು ಎಂದು ನನಗೆ ಅನಿಸದೆ ಇರಲಿಲ್ಲ. ಆದರೆ ಕೆಲವು ತಿಂಗಳುಗಳಲ್ಲಿ ಮೇಡಂ ಅವರ ನಡಿಗೆ ಗಟ್ಟಿಯಾಯಿತು. ನೆಲ ಕಾಲಿಗೆ ಸಿಗುತ್ತದೆ ಈಗ, ಎಂದು ತಾವೇ ಹೇಳಿದರು. ಕುತ್ತಿಗೆ ಮಾತ್ರ ಹೇಳಿದಂತೆಯೇ ಆಗಿತ್ತು. ಯಾರಾದರೂ ಕರೆದರೆ ಇಡೀ ಮೈಯನ್ನು ತಿರುಗಿಸಿ ನೋಡುತ್ತಿದ್ದರು, ಬೀರುವಿನ ಬಾಗಿಲು ತೆರೆದ ಹಾಗೆ. ಕಾರನ್ನು ಅವರಲ್ಲೇ ಕಲಿತ ಹೆಂಗಸೊಬ್ಬರು ವಹಿಸಿಕೊಂಡರು. ಮೇಡಂ ಮುಂದಿನ ಕೋಣೆಯಲ್ಲಿ ಕೂತು, ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಬಂದವರಿಗೆ ರಸ್ತೆ ನಿಯಮ ಹೇಳಿಕೊಡುತ್ತಿದ್ದರು. ನಾನು ಟೆಸ್ಟ್ ಪಾಸಾದ ದಿನ ಪೇಡೆ ಹಿಡಿದುಕೊಂಡು ಹೋದಾಗ, "ಪಾಸಾಗಿರಬಹುದು ಅಂತ ಯೋಳ್ಬ್ಯಾಡಿ ಮತ್ತೆ" ಎಂದು ನಕ್ಕರು. ಕಾರಿನಲ್ಲಿ ಮತ್ತೆ ಕೂತದ್ದನ್ನು ನಾನು ನೋಡಲಿಲ್ಲ. ಬೀದಿಯಲ್ಲಿ ಎಲ್ ಬೋರ್ಡಿನ ಗಾಡಿ ಹಾದುಹೋದರೆ ಮಾತು ನಿಲ್ಲಿಸಿ, ಅದು ತಿರುವಿನಲ್ಲಿ ಮರೆಯಾಗುವವರೆಗೂ ಕಿವಿಗೊಡುತ್ತಿದ್ದರು. ಗೇರು ಬದಲಿಸಿದ ಸದ್ದು ಸರಿಯಾಗಿ ಬಂದರೆ ಹೂಂ ಎನ್ನುತ್ತಿದ್ದರು.

ಆ ದಿನದ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾನು ಹೇಳಿದ್ದು ಸುಳ್ಳೋ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಸುಳ್ಳು ಹೇಳಬೇಕೆಂದರೂ ನಿಜ ಏನೆಂದು ಗೊತ್ತಿರಬೇಕಲ್ಲ.

ಕಳೆದ ವರ್ಷ ಅವರು ಹೋದರು. ಕೀಲುಗಳಲ್ಲಿ ಕಟ್ಟುಗಳನ್ನೆಲ್ಲ ಸಡಿಲಗೊಳಿಸಿದ ಅದೇ ಕಾಯಿಲೆ ಶ್ವಾಸಕೋಶದಲ್ಲಿ ತಿರುವುಮುರುವಾಗಿ ನಡೆದುಕೊಂಡಿತು. ಅಲ್ಲಿ ಮೃದುವಾಗಿರಬೇಕಾದದ್ದನ್ನು ನಾರುಗಟ್ಟಿಸಿ ಬಿಗಿ ಮಾಡಿತು. ಕೊನೆಯ ತಿಂಗಳುಗಳಲ್ಲಿ ಒಂದು ವಾಕ್ಯಕ್ಕೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿತ್ತು. ಆದರೂ ಕೊನೆಯವರೆಗೆ ಬಚ್ಚಲಿಗೆ, ಬಾಗಿಲಿಗೆ ತಮ್ಮ ಕಾಲಿನಲ್ಲೇ ನಡೆದು ಹೋದರು.

ಹಾಲು ತುಪ್ಪ ಬಿಡುವ ದಿನ ನಾನು ಹೋಗಿದ್ದೆ. ಶಾಮಿಯಾನದ ಕೆಳಗೆ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಯಜಮಾನರು ನನ್ನನ್ನು ಮುಂದಿನ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ಕೊಟ್ಟರು. ತಲೆ ಬೋಳಿಸಿಕೊಂಡು ಕುಗ್ಗಿಹೋದಂತೆ ಕಾಣುತ್ತಿದ್ದರು. ಎದುರಿಗೆ ಕೂತು ಮಾತು ತೆಗೆದರು.

"ಅವತ್ತು ಬ್ರೇಕ್ ಆಕಿದ್ದು ನಾನೇಯ ಅಂತ ಕೊನೇಗಂಟ ಅಂತಿದ್ಲು ಸಾರ್."

ಅವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಅಂಗಿದ್ಮೇಲೆ ಆಪರೇಸನ್ಗೆ ಯಾಕ್ ಒಪ್ಕೊಂಡೆ ಅಂತ ಕೇಳ್ದೆ. ಅದ್ಕೆ ಅವ್ಳು, 'ಆ ಮೇಷ್ಟ್ರು ಯಾವತ್ತೂ ಒಂದ್ ಮಾತ್ನೂ ಗಟ್ಟಿಯಾಗಿ ಆಡ್ದೋರಲ್ಲ. ಅವತ್ತು ಖಾತ್ರಿ ಅಂದ್ರು. ಅಂಥೋರು ಅಷ್ಟು ಯೋಳ್ಬೇಕಾದ್ರೆ ನನ್ ಕಾಲೇ ಸುಳ್ಳಿರ್ಬೇಕು' ಅಂದ್ಲು."

ಹೊರಗೆ ಯಾರೋ ಸಾರು, ಸಾರು ಎಂದು ಕೂಗುತ್ತ ಬಡಿಸುತ್ತಿದ್ದರು. ಯಜಮಾನರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

"ಈಗೇನ್ ಆಗ್ಬೇಕಾಗಿಲ್ಲ ಸಾರ್. ಸುಮ್ನೆ ಕೇಳ್ತೀನಿ. ನೀವೇನಾ ಆಕಿದ್ದು?"

"ಹೌದ್ರಿ" ಎಂದೆ. "ನಾನ ಹಾಕಿದ್ದು."

ಅವರು ತಲೆಯಾಡಿಸಿದರು. ಸಮಾಧಾನವಾದವರಂತೆ ಎದ್ದು, ಊಟಕ್ಕೆ ಬನ್ನಿ ಎಂದು ಹೊರಗೆ ಹೋದರು. ನಾನು ಎದ್ದಾಗ ಗಮನಿಸಿದೆ, ನನ್ನ ಬಲಗಾಲು ನೆಲವನ್ನು ಬಿಗಿಯಾಗಿ ಒತ್ತಿಕೊಂಡಿತ್ತು.

ಆ ಬ್ರೇಕನ್ನು ನಾನು ಒತ್ತಿದ ನೆನಪು ಈಗ ನನ್ನ ಪಾದದಲ್ಲಿ ಸ್ಪಷ್ಟವಾಗಿದೆ. ಪೆಡಲಿನ ರಬ್ಬರಿನ ಗೆರೆಗಳು, ಅದು ಮೊದಲು ತಡೆದು ಆಮೇಲೆ ಇಳಿದದ್ದು, ಎಲ್ಲವೂ. ಅದು ಯಾವಾಗ ಬಂದು ಸೇರಿತೆಂದು ಹೇಳಲಾರೆ. ತಮ್ಮ ಕಾಲನ್ನು ಬಿಟ್ಟು ನನ್ನ ಮಾತನ್ನು ನಂಬಿದವರ ಸಲುವಾಗಿ, ಅದೊಂದನ್ನು ನಾನು ಕೆದಕದೆ ಇಟ್ಟುಕೊಂಡಿದ್ದೇನೆ.